ಜಗ್ಗಿದ ಕಬ್ಬು

ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುವ ಮನುಷ್ಯ ನಮ್ಮೂರಲ್ಲಿ ನೆಮ್ಮದಿಯಿಂದ ಇರುವಂತಿಲ್ಲ. ಲಗ್ನಪತ್ರಿಕೆಯಿಂದ ಹಿಡಿದು ಕಳೆದುಹೋದ ಎಮ್ಮೆಯ ಪ್ರಕಟಣೆಯವರೆಗೆ ಎಲ್ಲವೂ ಅವನ ಕೊರಳಿಗೇ. ಆ ನತದೃಷ್ಟ ನಾನೇ, ಭೀಮಸಿ, ಊರಿನ ಸೊಸೈಟಿಯಲ್ಲಿ ಕಾರಕೂನ. (ನನ್ನ ಹೆಂಡತಿ ಅನುಸೂಯಾಳ ಪ್ರಕಾರ, ಗೊಬ್ಬರದ ಚೀಲಗಳ ನಡುವೆ ಕೂತು ಸಾಹಿತ್ಯ ರಚಿಸುವವನು.) ಈ ಸಲ ಚಳಿ ಶುರುವಾಗುತ್ತಲೇ ನಮ್ಮ ಕನ್ನಡ ಶಾಲೆಯ ಹೆಡ್ ಅಕ್ಕೋರು ತಾರಾಬಾಯಿಯವರು ಸೊಸೈಟಿಯ ಬಾಗಿಲಲ್ಲಿ ಬಂದು ನಿಂತಾಗಲೇ ನನ್ನ ಎಡಗಣ್ಣು ಹಾರಿತು.

"ಭೀಮಸಿಯವರ, ಪಾಲಕರಿಗೆ ಚಳಿಗಾಲದ ಸೂಚನಾ ಬರದು ಕೊಡ್ರಿ. ನಾ ಬರದ್ರ ಯಾರೂ ಓದೂದಿಲ್ಲ. ನೀವು ಬರದ್ರ ಅದಕ್ಕೊಂದು ವಜನ ಬರ್ತೈತಿ."

ವಜನ ಎಂಬ ಮಾತಿಗೆ ನಾನು ಬಿದ್ದೆ. ಆ ಸಂಜೆಯೆಲ್ಲ ಕೂತು ಬರೆದೆ. "ಮಾನ್ಯ ಪಾಲಕ ಮಹಾಶಯರೇ, ಹೇಮಂತ ಋತುವು ತನ್ನ ಶೀತಲ ಹಸ್ತಗಳನ್ನು ಚಾಚಿರುವ ಈ ಸಂದರ್ಭದಲ್ಲಿ..." ಎಂದು ಓದಿ ತೋರಿಸಿದರೆ ಅನುಸೂಯಾ ಗೋಡೆಗೆ ಒರಗಿ ಕೂತವಳು ಕಣ್ಣೂ ತೆರೆಯಲಿಲ್ಲ.

"ಥಂಡಿ ಬಿದ್ದೈತಿ ಅಂತ ಬರೀರಿ, ಸಾಕು."

ಅವಳ ಮಾತನ್ನು ಬದಿಗಿಟ್ಟು ಮುಂದುವರಿದೆ. ಮಕ್ಕಳ ಕಿವಿ ಮುಚ್ಚಿ ಕಳಿಸಬೇಕು. ಕುಡಿಯಲು ಬಿಸಿನೀರು ಕಟ್ಟಿಕೊಡಬೇಕು. ಮಂಜು ಬಿದ್ದ ದಿನ ರಸ್ತೆಯ ಬದಿಗೇ ನಡೆಯಬೇಕು. ಥಂಡಿಯ ನೆವ ಹೇಳಿ ಶನಿವಾರದ ಬೆಳಗಿನ ಶಾಲೆ ತಪ್ಪಿಸಬಾರದು. ಸ್ವೆಟರು, ಟೋಪಿ, ಮಫ್ಲರುಗಳ ಮೇಲೆ ಎದ್ದು ಕಾಣುವಂತೆ ಹೆಸರು ಬರೆಯಬೇಕು. (ಹೋದ ವರ್ಷ ಒಂದೇ ಬಣ್ಣದ ಎರಡು ಸ್ವೆಟರು ಅದಲುಬದಲಾಗಿ ಇಬ್ಬರು ತಾಯಂದಿರು ಇಂದಿಗೂ ಒಂದೇ ನಳದಲ್ಲಿ ನೀರು ತುಂಬುವುದಿಲ್ಲ.) ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು ಕಬ್ಬಿನದು.

ನಮ್ಮ ಕಡೆ ಚಳಿಗಾಲವೆಂದರೆ ಕಬ್ಬಿನ ಹಂಗಾಮು. ಶಾಲೆಯ ಮುಂದಿನ ಅಂಕಲಿ ರಸ್ತೆಯಲ್ಲಿ ಹಗಲೂ ರಾತ್ರಿ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳು, ಒಂದೊಂದಕ್ಕೂ ಎರಡೆರಡು ಟ್ರೇಲರು. ಹಂಪ್ಸ್ ಹತ್ತಿರ ಅವು ನಿಧಾನವಾದವೋ, ಹುಡುಗರು ಹಿಂದಿನಿಂದ ಓಡಿ ಕಬ್ಬು ಜಗ್ಗುತ್ತಾರೆ. ಇದರ ಮೇಲೆ ನನ್ನ ಲೇಖನಿ ಕಿಡಿ ಕಾರಿತು. "ಚಲಿಸುವ ಟ್ರ್ಯಾಕ್ಟರಿನಿಂದ ಕಬ್ಬು ಜಗ್ಗುವುದು ಪ್ರಾಣಾಪಾಯಕರವೂ ನೀಚವೂ ಆದ ಕೃತ್ಯ. ಅಂಥ ಕೃತ್ಯ ಎಸಗುವವರನ್ನು ಕಂಡ ವಿದ್ಯಾರ್ಥಿಗಳು ಹೆದರದೆ, ತಡಮಾಡದೆ, ಗಟ್ಟಿ ಧ್ವನಿಯಲ್ಲಿ ಗುರುಗಳಿಗೆ ತಿಳಿಸತಕ್ಕದ್ದು." 'ಗಟ್ಟಿ ಧ್ವನಿಯಲ್ಲಿ' ಎಂಬುದನ್ನು ಅಕ್ಕೋರು ಕೇಳಿರಲಿಲ್ಲ. ಅದು ನನ್ನ ಸ್ವಂತ ಸೇರ್ಪಡೆ.

ಸೋಮವಾರದ ಪ್ರಾರ್ಥನೆಯಲ್ಲಿ ಇದನ್ನು ಮೈಕಿನಲ್ಲಿ ಓದಲು ಆಯ್ಕೆಯಾದವಳು ಮೂರನೆಯ ಇಯತ್ತೆಯ ನನ್ನ ಮಗಳು ಸ್ನೇಹಲ. ಆಯ್ಕೆಯಾದ ದಿನದಿಂದಲೇ ನಮ್ಮ ಮನೆಯಲ್ಲಿ ಅವಳದೇ ಸರಕಾರ. ಅವಳ ಆಯಿ, ಅಂದರೆ ನನ್ನ ತಾಯಿ ಸಕ್ಕುಬಾಯಿ, ಹಿತ್ತಲಿಗೆ ಹೋಗಬೇಕಾದರೂ ಕಿವಿ ಮುಚ್ಚಿಕೊಂಡು ಹೋಗಬೇಕಾಯಿತು. ಎಮ್ಮೆಯ ಕರುವಿಗೂ ಹಳೆಯ ಮಫ್ಲರು ಬಿತ್ತು. ಸೊಸೈಟಿಯಲ್ಲಿ ಚೀಲಗಳ ಮೇಲೆ ಬರೆಯುವ ದಪ್ಪ ಮಾರ್ಕರು ನನ್ನ ಜೇಬಿನಿಂದ ಮಾಯವಾಗಿ ಮನೆಯ ಉಣ್ಣೆ ಬಟ್ಟೆಗಳ ಮೇಲೆಲ್ಲ ಹರಿದಾಡಿತು.

"ಅಪ್ಪಾ, ಸೋಮವಾರ ನೀ ಬರಬೇಕು. ಎಲ್ಲಾರಕಿಂತ ಮುಂದ ನಿಂದ್ರಬೇಕು," ಎಂದಳು ಸ್ನೇಹಲ. "ನಾ ನಿನ್ನ ಮಾರಿ ನೋಡಿ ಓದತೀನಿ. ಇಲ್ಲಾಂದ್ರ ನನಗ ಅಂಜಿಕಿ ಬರ್ತೈತಿ."

"ನಿಂದ್ರತೀನವ್ವಾ. ನಿನ್ನ ಬಿಟ್ಟು ಎಲ್ಲಿ ಹೋಗ್ಲಿ," ಎಂದು ಮಾತು ಕೊಟ್ಟೆ.

ಇನ್ನೊಂದು ಕಡೆ ಅನುಸೂಯಾಳ ಚಿಂತೆ. ಅವಳು ಮೂರು ತಿಂಗಳ ಬಸುರಿ. ಸ್ನೇಹಲಳ ನಂತರ ಎಷ್ಟೋ ವರ್ಷಕ್ಕೆ ನಿಂತ ಗರ್ಭ. ಆದರೆ ಏನು ತಿಂದರೂ ಹೊಟ್ಟೆಯಲ್ಲಿ ಉಳಿಯುತ್ತಿರಲಿಲ್ಲ. ರೊಟ್ಟಿಯ ವಾಸನೆ ಬಂದರೇ ಹಿತ್ತಲಿಗೆ ಓಡುತ್ತಿದ್ದಳು. ನನ್ನ ಮೇಲೆ ನೆಟ್ಟಗೆ ಜಗಳಕ್ಕೆ ಬರುವಷ್ಟೂ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ, ಮತ್ತು ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಚಿಕ್ಕೋಡಿಯ ಡಾಕ್ಟರಮ್ಮ ನನ್ನನ್ನೇ ಬೈದಿದ್ದರು. ಅವಳು ಏನು ಕೇಳುತ್ತಾಳೋ ಅದನ್ನು ತಂದು ತಿನ್ನಿಸು ಎಂದಿದ್ದರು. ಆದರೆ ಅವಳು ಏನನ್ನೂ ಕೇಳಬೇಕಲ್ಲ.

ರವಿವಾರ ಸಂಜೆ ಕೇಳಿದಳು.

"ರೀ, ನಗಬಾರದ್ರಿ. ಕಬ್ಬು ತಿನ್ನಬೇಕನಸೇತಿ."

ನಾನು ಚಪ್ಪಲಿಯನ್ನೂ ಹಾಕದೆ ಗೆಳೆಯ ಪಾರಿಸನ ಹೊಲಕ್ಕೆ ಓಡಿ, ಕೇಳಿ, ರಸ ತುಂಬಿದ ಎರಡು ಗಳ ಕಡಿದು ತಂದೆ. ಅನುಸೂಯಾ ಒಂದನ್ನು ಕಚ್ಚಿದಳು. ಇಳಿಸಿ ಇಟ್ಟಳು.

"ಇದಲ್ಲರಿ."

"ಇದಲ್ಲಂದ್ರ? ಕಬ್ಬಿನ್ಯಾಗ ಇನ್ನ ಯಾವದ ಇರ್ತೈತಿ?"

"ಇದು ಕೊಟ್ಟದ್ದು. ನನಗ ಜಗ್ಗಿದ್ದು ಬೇಕು. ಟ್ರ್ಯಾಕ್ಟರದಿಂದ ಜಗ್ಗಿದ್ದು. ಸಣ್ಣಾಕಿದ್ದಾಗ ತಿಂದ ರುಚಿ ನಾಲಿಗಿ ಮ್ಯಾಲೆ ಕುಂತೈತ್ರಿ, ನಾ ಏನ ಮಾಡ್ಲಿ?"

"ಅನುಸೂಯಾ, ಆ ಸೂಚನಾ ಬರದಾಂವ ನಾನ."

"ಹಂಗಾರ ಬ್ಯಾಡ ಬಿಡ್ರಿ," ಎಂದು ಅವಳು ಗೋಡೆಯ ಕಡೆ ಮಗ್ಗಲಾದಳು. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆನೋ ಏನೋ. ಬ್ಯಾಡ ಬಿಡ್ರಿ ಎಂದವಳ ಜೊತೆ ಯಾರು ಗೆಲ್ಲುತ್ತಾರೆ?

ನಮ್ಮವ್ವ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು. "ಲೇ ಭೀಮಸಿ, ಬಸರಿ ಹೆಣ್ಮಗಳ ಬಯಕಿ ತೀರಸಲಿಲ್ಲಂದ್ರ ಹುಟ್ಟೂ ಕೂಸಿನ ಕಿವಿ ಸೋರತಾವ. ಊರ ಮಕ್ಕಳ ಕಿವಿ ಮುಚ್ಚರಿ ಅಂತ ಬರಿತಿ, ನಿನ್ನ ಕೂಸಿನ ಕಿವಿ ಯಾರ ನೋಡ್ಬೇಕು?"

"ಅವ್ವಾ, ಅದು ನೀಚ ಕೃತ್ಯ ಅಂತ ಬರದೇನಿ."

"ವಿದ್ಯಾರ್ಥಿಗಳಿಗೆ ಬರದಿ. ನೀ ಏನ ಸಾಲಿಗೆ ಹೊಕ್ಕೀಯೇನ?"

ಕಾನೂನಿನ ಈ ಅಂಶ ನನಗೆ ಹೊಳೆದಿರಲಿಲ್ಲ. ರಾತ್ರಿಯಿಡೀ ಅದನ್ನೇ ಹಿಡಿದುಕೊಂಡು ಧೈರ್ಯ ತಂದುಕೊಂಡೆ.

ಸೋಮವಾರ ಬೆಳಿಗ್ಗೆ ಕೃಷ್ಣೆಯ ಕಡೆಯಿಂದ ಮಂಜು ಎದ್ದು ಊರನ್ನೆಲ್ಲ ಮುಚ್ಚಿತ್ತು. ಕಳ್ಳತನಕ್ಕೆ ಹೇಳಿ ಮಾಡಿಸಿದ ಹವೆ. ಮಂಕಿ ಕ್ಯಾಪನ್ನು ಕಣ್ಣಷ್ಟೇ ಕಾಣುವಂತೆ ಎಳೆದುಕೊಂಡು, ಅವ್ವನ ಶಾಲು ಹೊದ್ದು, ಹಂಪ್ಸ್ ಪಕ್ಕ ಬೇವಿನ ಮರಕ್ಕೆ ಆತು ನಿಂತೆ. ಲೆಕ್ಕಾಚಾರ ಸರಳವಾಗಿತ್ತು. ಒಂದು ಕಬ್ಬು ಜಗ್ಗುವುದು, ಮರದ ಹಿಂದೆ ಅಡಗಿಸುವುದು, ಕ್ಯಾಪು ತೆಗೆದು ಸಭ್ಯನಾಗಿ ಪ್ರಾರ್ಥನೆಗೆ ಹೋಗಿ ಮಗಳ ಮುಂದೆ ನಿಲ್ಲುವುದು.

ಆದರೆ ಮಂಜಿನಿಂದಾಗಿ ಅಂದು ಟ್ರ್ಯಾಕ್ಟರುಗಳೇ ತಡ. ಅಷ್ಟರಲ್ಲಿ ಪಾರಿಸ ಹಾಲಿನ ಕ್ಯಾನು ಕಟ್ಟಿದ ಬೈಕಿನಲ್ಲಿ ಹಿಂದಿನಿಂದ ಬಂದವನು, "ಏನ್ ಭೀಮಸಿ, ಇಲ್ಲಿ ನಿಂತಿ?" ಎಂದು ಕೇಳಿ ದಾಟಿಹೋದ. ನನಗೆ ಆಶ್ಚರ್ಯವಾಯಿತು. ನನ್ನ ಮುಖವನ್ನೂ ನೋಡದೆ ಗುರುತು ಹಿಡಿದನಲ್ಲ, ಬಾಲ್ಯದ ಗೆಳೆತನ ಅಂದರೆ ಹೀಗಿರಬೇಕು ಎಂದುಕೊಂಡು ಸುಮ್ಮನಾದೆ.

ಶಾಲೆಯ ಗಂಟೆ ಹೊಡೆಯಿತು. ನಾಡಗೀತೆ ಮುಗಿಯಿತು. ಮೈಕು ಕಿರ್ ಎಂದಿತು. ಆಗಲೇ ಟ್ರ್ಯಾಕ್ಟರಿನ ಸದ್ದು ಕೇಳಿದ್ದು.

"ಮಾ... ಮಾನ್ಯ ಪಾಲಕ ಮಹಾಶಯರೇ," ಎಂದಿತು ಸ್ನೇಹಲಳ ದನಿ. ಅದು ನಡುಗುತ್ತಿತ್ತು. ನಡುನಡುವೆ ನಿಲ್ಲುತ್ತಿತ್ತು. ಅವಳು ಮುಂದಿನ ಸಾಲಿನಲ್ಲಿ ನನ್ನನ್ನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಈ ಕಡೆ ಮಗಳು, ಆ ಕಡೆ ಗೋಡೆಗೆ ಮುಖಮಾಡಿ ಮಲಗಿದ ಹೆಂಡತಿ, ನಡುವೆ ಹಂಪ್ಸ್ ಹತ್ತುತ್ತಿರುವ ಟ್ರ್ಯಾಕ್ಟರು. ಒಂದೇ ಒಂದು ಕಬ್ಬು ಜಗ್ಗಿ ಓಡಿಹೋಗುತ್ತೇನವ್ವಾ ಎಂದು ಮನಸ್ಸಿನಲ್ಲೇ ಹೇಳಿ, ಹಿಂದಿನ ಟ್ರೇಲರಿನಿಂದ ಹೊರಚಾಚಿದ ಒಂದು ಗಳಕ್ಕೆ ಎರಡೂ ಕೈ ಹಾಕಿದೆ.

ಬರಲಿಲ್ಲ. ಬಲ ಹಾಕಿದೆ. ಬರಲಿಲ್ಲ. ಟ್ರ್ಯಾಕ್ಟರು ಹಂಪ್ಸ್ ದಾಟಿ ಮುಂದೆ ಸರಿಯಿತು. ನಾನೂ ಸರಿದೆ. ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಿಡಿದ ಮೇಲೆ ಬಿಡುವುದು ನಮ್ಮ ಮನೆತನದಲ್ಲೇ ಇಲ್ಲ. ನಾನು ಕಬ್ಬನ್ನು ಜಗ್ಗುತ್ತ, ಕಬ್ಬು ನನ್ನನ್ನು ಜಗ್ಗುತ್ತ, ಇಬ್ಬರೂ ಹೀಗೇ ಶಾಲೆಯ ಗೇಟಿನ ಮುಂದೆ ಬಂದೆವು. ಅಲ್ಲಿ ಬಿಸಿಲು ಬಿದ್ದು ಮಂಜು ಕರಗಿತ್ತು.

"...ಹೆದರದೆ, ತಡಮಾಡದೆ, ಗಟ್ಟಿ ಧ್ವನಿಯಲ್ಲಿ ಗುರುಗಳಿಗೆ ತಿಳಿಸತಕ್ಕದ್ದು," ಎಂದು ಓದಿದ ಸ್ನೇಹಲ ತಲೆ ಎತ್ತಿದಳು. ಮರುಕ್ಷಣ ಅವಳ ದನಿಯಲ್ಲಿ ಅಂಜಿಕೆಯ ಸುಳಿವೂ ಇರಲಿಲ್ಲ.

"ಅಕ್ಕೋರ, ಅಲ್ಲಿ ಒಬ್ಬಾಂವ ಕಬ್ಬು ಜಗ್ಗಾಕತ್ತಾನ ನೋಡ್ರಿ."

ಅಕ್ಕೋರು ಪಿ.ಟಿ. ಸೀಟಿ ಊದಿದರು. ಟ್ರ್ಯಾಕ್ಟರು ನಿಂತಿತು. ಡ್ರೈವರ್ ಭರಮು ಕೆಳಗೆ ಜಿಗಿದ. ನಾನು ಥಟ್ಟನೆ ಬುದ್ಧಿ ಉಪಯೋಗಿಸಿ, ಮುಖ ಕಾಣದಿರಲೆಂದು ಶಾಲೆಗೆ ಬೆನ್ನು ತಿರುಗಿಸಿ ನಿಂತೆ.

ಅಲ್ಲೇ ಕೆಟ್ಟದ್ದು. ಹಿಂದಿನಿಂದ ಒಂದನೆಯ ಇಯತ್ತೆಯ ಮಕ್ಕಳು, ಆಗಷ್ಟೇ ಕಾಗುಣಿತ ಕಲಿತವರು, ಸಂಭ್ರಮದಿಂದ ಓದತೊಡಗಿದರು. "ಭ ಗುಡಸಿನ ದೀರ್ಘ ಭೀ... ಮ... ಸ ಗುಡಸು ಸಿ..." ಇಡೀ ಶಾಲೆ ಒಟ್ಟಿಗೆ ಕೂಡಿಸಿ ಹೇಳಿತು. "ಭೀಮಸಿ."

ತಲೆಯ ಹಿಂಬದಿಯಲ್ಲಿ, ಎದ್ದು ಕಾಣುವಂತೆ, ಸೊಸೈಟಿಯ ಮಾರ್ಕರಿನಲ್ಲಿ. ಸೂಚನೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಮನೆ ಊರಲ್ಲಿ ಇನ್ನೊಂದಿರಲಿಕ್ಕಿಲ್ಲ.

"ಅಪ್ಪಾ?" ಎಂದಿತು ಮೈಕು.

ಕ್ಯಾಪು ತೆಗೆದು ತಿರುಗಿದೆ. ಸ್ನೇಹಲಳ ಕೆಳತುಟಿ ಹೊರಬಂದಿತ್ತು. "ಮುಂದ ನಿಂದ್ರತೀನಿ ಅಂದಿದ್ದಿ," ಎಂದಳು. ಕಬ್ಬಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

"ತಪ್ಪಾತವ್ವಾ," ಎಂದೆ. "ನಿಮ್ಮವ್ವಗ ಬಯಕಿ ಆಗೈತಿ. ಇಷ್ಟ ದಿನದಾಗ ಇದೊಂದ ಕೇಳ್ಯಾಳ."

ಆ ಮಾತಿಗೆ ಗಾಳಿಯೇ ತಿರುಗಿತು. ನನ್ನ ಕೊರಳಪಟ್ಟಿಗೆ ಕೈ ಹಾಕಲಿದ್ದ ಭರಮು ಅದೇ ಕೈಯನ್ನು ಹೆಗಲ ಮೇಲಿಟ್ಟ. "ಬಸರಿಗೇನ? ಮೊದಲ ಹೇಳೂದಲ್ಲನ ಅಣ್ಣಾ. ಒಂದ ಹೊರಿ ಒಯ್ಯಿ."

"ಕೊಟ್ಟದ್ದು ಅಕಿಗೆ ನಡಿಯೂದಿಲ್ಲಪಾ. ಜಗ್ಗಿದ್ದ ಆಗಬೇಕು."

ಭರಮು ಅಕ್ಕೋರ ಮುಖ ನೋಡಿದ. ಅಕ್ಕೋರು ಸ್ನೇಹಲಳ ಕೈಯಿಂದ ಸೂಚನೆಯ ಹಾಳೆ ತೆಗೆದುಕೊಂಡು, ಕನ್ನಡಕ ಏರಿಸಿ ಓದಿದರು. "'ಚಲಿಸುವ ಟ್ರ್ಯಾಕ್ಟರಿನಿಂದ' ಅಂತ ನೀವ ಬರದೀರಿ. ಇದು ನಿಂತೈತಿ, ಮಾಲಕರ ಮನಶ್ಯಾನೂ ಒಪ್ಪ್ಯಾನ. ಜಗ್ಗರಿ ಭೀಮಸಿಯವರ. ಬಸರಿ ಹೆಣ್ಮಗಳನ್ನ ಎಷ್ಟೊತ್ತು ಕಾಯಸ್ತೀರಿ?"

ಹೀಗೆ ಮುಖ್ಯೋಪಾಧ್ಯಾಯರ ಅಧ್ಯಕ್ಷತೆಯಲ್ಲಿ, ಸಕಲ ವಿದ್ಯಾರ್ಥಿಗಳ ಉಪಸ್ಥಿತಿಯಲ್ಲಿ ನಾನು ಕಬ್ಬು ಜಗ್ಗಿದೆ. ಟ್ರೇಲರಿಗೆ ಕಾಲು ಕೊಟ್ಟು ಜಗ್ಗಿದೆ. ಮಕ್ಕಳು ಏಕ್, ದೋ, ತೀನ್ ಎಂದು ಹುರಿದುಂಬಿಸಿದರು. ತೀನ್‌ಗೆ ನಾನು ನೆಲದ ಮೇಲೆ ಕೂತಿದ್ದೆ, ಕೈಯಲ್ಲಿ ಒಂದು ಹಿಡಿ ರವದಿ, ಕಬ್ಬಿನ ಒಣ ಎಲೆ. ಕಬ್ಬು ಇದ್ದಲ್ಲೇ ಇತ್ತು.

ಸ್ನೇಹಲ ಮೈಕು ಬಿಟ್ಟು ಬಂದಳು. "ಅತ್ತಾಗ ಸರಿ ಅಪ್ಪಾ. ಜಗ್ಗೂದಕಿಂತ ಮೊದಲ ತಿರುವಬೇಕು." ಅದೇ ಗಳವನ್ನು ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುವಿದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಕಬ್ಬು ಹೊರಗೆ ಬಂತು.

"ಸ್ನೇಹಲ," ಎಂದರು ಅಕ್ಕೋರು ಮೈಕಿನಲ್ಲೇ ನಿಧಾನಕ್ಕೆ, "ಇದನ್ನ ಯಾರ ಕಲಿಸ್ಯಾರು?"

"ಅವ್ವರಿ. ನಿಂತ ಟ್ರ್ಯಾಕ್ಟರದ್ದ ಅಷ್ಟ ಜಗ್ಗಬೇಕು, ಕೇಳಿ ಜಗ್ಗಬೇಕು, ಅಪ್ಪಗ ಹೇಳಬಾರದು ಅಂದಾಳ್ರಿ."

ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ ಸೂಚನೆಗಳನ್ನು ಮೊದಲಿನಿಂದ ಓದಲು ಹೇಳಿದರು. ನಾನು ಎಲ್ಲರಿಗಿಂತ ಮುಂದೆ ನಿಂತೆ, ಕೈಯಲ್ಲಿ ಕಬ್ಬು. ಸ್ನೇಹಲ ನನ್ನ ಮುಖ ನೋಡಿಕೊಂಡೇ ಓದಿದಳು. ಎಲ್ಲೂ ತಡವರಿಸಲಿಲ್ಲ. 'ನೀಚ ಕೃತ್ಯ' ಬಂದಾಗ ಮಾತ್ರ ಸ್ವಲ್ಪ ಮೆಲ್ಲಗೆ ಓದಿದಳು. ನನ್ನ ಕಣ್ಣು ತುಂಬಿ ಬಂತು, ಅದನ್ನು ಥಂಡಿಯ ಮೇಲೆ ಹಾಕಿದೆ.

ಮನೆಗೆ ಬಂದು ಕಬ್ಬನ್ನು ಅನುಸೂಯಾಳ ಕೈಗಿಟ್ಟೆ. ಅವಳು ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು, ಕಣ್ಣು ಮುಚ್ಚಿ ಅಗಿದಳು. ರಸ ಗದ್ದದ ಮೇಲೆ ಇಳಿಯಿತು. ನಾನು ಹಿತ್ತಲ ಬಾಗಿಲು ತೆರೆದಿಟ್ಟೆ. ಅವಳು ಓಡಲಿಲ್ಲ. ಇನ್ನೊಂದು ಗೆಣ್ಣು ಮುರಿದಳು.

ನನಗೆ ಹುರುಪು ಬಂತು. ಸ್ನೇಹಲ ಹೇಗೂ ಶಾಲೆಯಲ್ಲಿದ್ದಳು. ಮಂಜಿನಲ್ಲಿ ನಾನು ಹುಲಿಯಂತೆ ಹೊಂಚು ಹಾಕಿದ್ದು, ಒಂದೇ ಕೈಯಲ್ಲಿ ಈ ಕಬ್ಬನ್ನು ಸೆಳೆದದ್ದು, ಡ್ರೈವರ್ ದಂಗಾದದ್ದು, ಎಲ್ಲವನ್ನೂ ವಿವರವಾಗಿ ವರ್ಣಿಸಿದೆ. ಅನುಸೂಯಾ ಅಗಿಯುತ್ತ ಪೂರ್ತಿ ಕೇಳಿದಳು.

"ಆತ್ರಿ?" ಎಂದಳು.

"ಆತು."

"ಸಾಲಿ ಮೈಕ ನಮ್ಮ ಹಿತ್ತಲತನಾ ಬರೋಬರ ಕೇಳಸ್ತೈತ್ರಿ."

ಒಲೆಯ ಕಡೆಯಿಂದ ಅವ್ವ ನಕ್ಕ ಸದ್ದು ಬಂತು. ಅನುಸೂಯಾ ಉಳಿದ ಕಬ್ಬನ್ನು ಮೊಣಕಾಲಿಗೆ ಒತ್ತಿ ಮೂರು ತುಂಡು ಮಾಡಿದಳು. ಬುಡದ ಸಿಹಿ ತುಂಡನ್ನು ತೆಗೆದು ಕಪಾಟಿನಲ್ಲಿಟ್ಟಳು.

"ಇದು ಜಗ್ಗಿದಾಕಿಗೆ. ನಡುವಿಂದು ನನಗ. ತುದಿ ಸೂಚನಾ ಬರದವರಿಗೆ."

ತುದಿ ಹಿಡಿದುಕೊಂಡು ಅಂಗಳದ ಬಿಸಿಲಿಗೆ ಬಂದು ಕೂತೆ. ಸಪ್ಪಗಿತ್ತು. ಅಗಿಯುತ್ತ ಕೂತೆ. ಒಳಗೆ ಅನುಸೂಯಾ ಅವ್ವನಿಗೆ, "ಅತ್ತೀ, ಒಂದ ಬಿಸಿ ರೊಟ್ಟಿ ಹಾಕರಿ," ಎನ್ನುತ್ತಿದ್ದಳು.