ಬೂದುಗುಂಬಳಕ್ಕೆ ನೋಟಿಸು ಕೊಟ್ಟ ಭಾವ

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ಮನುಷ್ಯರನ್ನು ಮಾತಾಡಿಸುವವರಲ್ಲ, ಪೈಪನ್ನು ಮಾತಾಡಿಸುವವರು! ನೀವು ಬಾಗಿಲಲ್ಲಿ ನಿಂತು "ಬನ್ನಿ ಬನ್ನಿ" ಎಂದು ಹಲ್ಲು ಕಿರಿಯುತ್ತಿರುತ್ತೀರಿ. ಅವರು ನಿಮ್ಮ ಹೆಗಲ ಮೇಲಿಂದ ಅಡುಗೆಮನೆಯತ್ತ ಕಣ್ಣು ಹಾಯಿಸಿ "ವಾಲ್ವು ಎಲ್ಲಿದೆ?" ಎನ್ನುತ್ತಾರೆ. ಕುಶಲ ಪ್ರಶ್ನೆ ಏನಿದ್ದರೂ ಆಮೇಲೆ. ಅದೂ ವಾಲ್ವು ಕುಶಲವಾಗಿದ್ದರೆ!

ಭಾವ ಎಂದರೆ ನಮ್ಮಕ್ಕನ ಗಂಡ. ಮನೆಮನೆಗೆ ಪೈಪಿನಲ್ಲಿ ಗ್ಯಾಸ್ ಕೊಡುವ ಕಂಪನಿಯೊಂದರಲ್ಲಿ ಸುರಕ್ಷತೆಯ ತಪಾಸಣೆ ಅವರ ಕೆಲಸ. ಅವರು ಸಹಿ ಹಾಕದೆ ಕಟ್ಟಡಕ್ಕೆ ಗ್ಯಾಸ್ ಹರಿಯುವ ಹಾಗಿಲ್ಲ. ತಲೆಗೆ ಹೆಲ್ಮೆಟ್, ಕೈಯಲ್ಲಿ ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿ, ಕಂಕುಳಲ್ಲಿ ನಿಯಮಗಳ ಪುಸ್ತಕ. ಪೈಪಿನ ಜೋಡಣೆಗೆ ಸೋಪಿನ ನೀರು ಹೊಡೆದಾಗ ಗುಳ್ಳೆ ಎದ್ದರೆ ಸೋರಿಕೆ ಇದೆ, ಏಳದಿದ್ದರೆ ಇಲ್ಲ. ಭಾವನ ಪಾಲಿಗೆ ವೇದಾಂತವೆಲ್ಲ ಇಷ್ಟರಲ್ಲೇ ಮುಗಿಯಿತು.

ಅಕ್ಕನನ್ನು ನೋಡಲು ಬಂದ ದಿನವೇ ನಮಗೆ ಇದರ ಸುಳಿವು ಸಿಗಬೇಕಿತ್ತು. ಎಲ್ಲರೂ ಕೇಸರಿಬಾತ್ ತಿನ್ನುತ್ತಿದ್ದಾಗ ಹುಡುಗ ಮೆಲ್ಲಗೆ ಎದ್ದು ಅಡುಗೆಮನೆಯತ್ತ ನಡೆದರು. ಹುಡುಗಿಯ ಜೊತೆ ನಾಲ್ಕು ಮಾತಾಡುವ ಆಸೆಯಿರಬೇಕೆಂದು ನಾವೆಲ್ಲ ಕಿಸಿಕಿಸಿ ನಕ್ಕೆವು. ಹೋಗಿ ನೋಡಿದರೆ ಅಕ್ಕ ಒಂದು ಮೂಲೆಯಲ್ಲಿ ಸೀರೆ ಸೆರಗು ತಿರುವುತ್ತಾ ನಿಂತಿದ್ದಾಳೆ, ಹುಡುಗ ಒಲೆಯ ಕೆಳಗೆ ಬಗ್ಗಿ ಸಿಲಿಂಡರಿನ ರಬ್ಬರ್ ಟ್ಯೂಬಿನ ಮೇಲೆ ಅಚ್ಚಾದ ಇಸವಿ ಓದುತ್ತಿದ್ದಾರೆ! ಮರುದಿನ ಅವರ ಮನೆಯಿಂದ ಫೋನ್ ಬಂತು. "ಹುಡುಗಿ ಒಪ್ಪಿಗೆ. ಟ್ಯೂಬ್ ಮಾತ್ರ ಇವತ್ತೇ ಬದಲಾಯಿಸಬೇಕಂತೆ."

ಇಂಥವರ ಜೊತೆ ಹೊರಗೆ ಹೋಗುವ ಸುಖ ಕೇಳಬೇಕೆ? ಒಮ್ಮೆ ಪುಲಿಕೇಶಿನಗರದಲ್ಲಿ ಒಂದು ಚಹಾದಂಗಡಿಗೆ ಹೋದೆವು. ಬಿಸಿಬಿಸಿ ಸಮೋಸ ಬಂತು. ಭಾವನ ಕಣ್ಣು ಒಳಗಿನ ವಾಲ್ವಿಗೆ ಅಡ್ಡಲಾಗಿ ಪೇರಿಸಿದ್ದ ಮೈದಾ ಮೂಟೆಗಳ ಮೇಲೆ ಬಿತ್ತು. ಎದ್ದೇಬಿಟ್ಟರು! ಮಾಲೀಕರು ಕೈಯೆತ್ತಿ, "ಕ್ಯಾ ಸಾಬ್, ಚಾಯ್ ಪೀನೆ ಆಯೆ ಕಿ ದುಕಾನ್ ಬಂದ್ ಕರಾನೆ ಆಯೆ?" ಎಂದರು, ಚಹಾ ಕುಡಿಯಲು ಬಂದಿರೋ ಅಂಗಡಿ ಮುಚ್ಚಿಸಲು ಬಂದಿರೋ ಎಂದು. ಆದರೂ ಒಳ್ಳೆಯ ಮನುಷ್ಯ, ಮೂಟೆಗಳನ್ನು ಸರಿಸಿದರು, ಖುಷಿಗೆ "ಇವತ್ತು ಎಲ್ಲಾ ನಮ್ಮ ಕಡೆಯಿಂದ" ಎಂದೂ ಹೇಳಿಬಿಟ್ಟರು. ಕೆಟ್ಟಿತು! ತಪಾಸಣೆ ಮಾಡಿದ ಜಾಗದಲ್ಲಿ ಪುಕ್ಕಟೆ ಏನೂ ಮುಟ್ಟಬಾರದು ಎಂಬ ನಿಯಮವಿದೆಯಂತೆ. ನನ್ನ ಬಾಯಿಯ ಹತ್ತಿರ ಹೋಗಿದ್ದ ಸಮೋಸ ವಾಪಸ್ ತಟ್ಟೆಗೆ ಬಂತು.

ಹೊರಗಿನವರಿಗಷ್ಟೇ ಈ ಶಿಸ್ತು ಎಂದುಕೊಂಡಿರಾ? ಹಲಸೂರಿನ ತಮ್ಮದೇ ಮನೆಯಲ್ಲಿ ಅಕ್ಕ ಗ್ಯಾಸ್ ಮೀಟರಿಗೆ ಗಾಳಿಯಾಡದಂತೆ ಚೆಂದದ ಕಪಾಟು ಮಾಡಿಸಿಬಿಟ್ಟಳು. ಭಾವ ಜಗಳವಾಡಲಿಲ್ಲ. "ಗೌರವಾನ್ವಿತ ಗ್ರಾಹಕರೇ" ಎಂದು ಹೆಂಡತಿಗೇ ಏಳು ದಿನದ ನೋಟಿಸು ಬರೆದು ಕೈಗಿತ್ತರು! ಅಕ್ಕನೇನು ಕಡಿಮೆಯೇ? ಅದರಡಿಯಲ್ಲೇ ಬರೆದಳು: "ಸ್ವೀಕರಿಸಿದ್ದೇನೆ. ಏಳೂ ದಿನ ಗ್ರಾಹಕರು ಅಡುಗೆ ಮಾಡುವುದಿಲ್ಲ." ಮೂರನೇ ದಿನ ಭಾವ ತಾವೇ ಬಡಗಿಯನ್ನು ಕರೆತಂದು ಕಪಾಟಿಗೆ ಕಿಂಡಿ ಕೊರೆಸಿದರು.

ಇರಲಿ. ಅಸಲಿ ರಾಮಾಯಣ ಶುರುವಾದದ್ದು ನಮ್ಮ ಕಟ್ಟಡದಲ್ಲಿ. ಸಿ.ವಿ. ರಾಮನ್ ನಗರದ ಮೂರು ಮಹಡಿಯ ಹೊಸ ಕಟ್ಟಡ. ಮೇಲಿನ ಮಹಡಿಯಲ್ಲಿ ನಾನು, ಅಮ್ಮ. ಪೈಪೆಲ್ಲ ಎಳೆದಾಗಿತ್ತು, ಬಾಕಿ ಇದ್ದದ್ದು ತಪಾಸಣೆಯೊಂದೇ. ತಪಾಸಣೆಗೆ ಬರುವವರು ನಮ್ಮ ಭಾವ ಎಂದು ತಿಳಿದು ಅಸೋಸಿಯೇಷನ್ ಅಧ್ಯಕ್ಷರು ಹಿರಿಹಿರಿ ಹಿಗ್ಗಿದರು. "ನಿಮ್ಮ ಭಾವನೇ ಅಂದ್ಮೇಲೆ ಇನ್ನೇನು ಬಿಡಮ್ಮ, ಹಬ್ಬದಡುಗೆ ಹೊಸ ಗ್ಯಾಸ್‌ನಲ್ಲೇ!" ಪಾಪ, ಅವರಿಗೇನು ಗೊತ್ತು! ಭಾವ ಆಗಲೇ "ನನ್ನ ಅತ್ತೆಯ ಮನೆ ಇದೇ ಕಟ್ಟಡದಲ್ಲಿದೆ, ಆದ್ದರಿಂದ ನನ್ನ ಮೇಲಧಿಕಾರಿಗಳು ಇದನ್ನು ಮರುಪರಿಶೀಲಿಸಬೇಕು" ಎಂದು ತಮ್ಮ ಮೇಲೆ ತಾವೇ ಆಫೀಸಿಗೆ ಪತ್ರ ಬರೆದಾಗಿತ್ತು.

ಪೈಪಿಗೆ ಗಾಳಿ ತುಂಬಿ, ಬಾಯಿ ಮುಚ್ಚಿ, ಮುಳ್ಳಿನ ಮಾಪಕ ಸಿಕ್ಕಿಸಿ ಭಾವ ಎದುರಿಗೆ ಸ್ಟೂಲು ಹಾಕಿಕೊಂಡು ಕೂತರು. ಮುಳ್ಳು ಅಲುಗಾಡದೆ ನಿಂತರೆ ಪಾಸು. ಅದೋ, ಕೂದಲೆಳೆಯಷ್ಟು ಕೆಳಗಿಳಿಯಿತು.

"ಒಂಚೂರು ತಾನೇ ಸಾರ್, ಬಿಟ್ಟಾಕಿ," ಎಂದರು ಅಧ್ಯಕ್ಷರು.

"ಒಂಚೂರು ಸೋರ್ತಿದೆ ಅಂತ ಬರೀಲಾ?" ಎಂದರು ಭಾವ.

ಎರಡು ದಿನ ಮೂರೂ ಮಹಡಿಯ ಒಂದೊಂದು ಜೋಡಣೆಗೂ ಸೋಪಿನ ನೀರಿನ ಅಭಿಷೇಕವಾಯಿತು. ಎಲ್ಲಿಯೂ ಗುಳ್ಳೆಯಿಲ್ಲ! ಉಳಿದದ್ದು ಒಂದೇ ಜಾಗ, ಗೇಟಿನ ಪಕ್ಕದಲ್ಲಿ ಪೈಪು ಗೋಡೆಗೆ ತಿರುಗುವ ಮೂಲೆ. ಅಲ್ಲಿ ಜೋಡಣೆಗೆ ಅಡ್ಡಲಾಗಿ ದೊಡ್ಡದೊಂದು ಬೂದುಗುಂಬಳ ತೂಗುತ್ತಿತ್ತು. ಹೊಸ ಕಟ್ಟಡಕ್ಕೆ ದೃಷ್ಟಿಯಾಗದಿರಲೆಂದು ಕಟ್ಟಿದ್ದು. ಗ್ರಾನೈಟಿಗೆ ಮೊಳೆ ಹೊಡೆದರೆ ಬಿರುಕು ಬಿಡುತ್ತದಲ್ಲ, ಅದಕ್ಕೇ ಹಳದಿ ಪೈಪಿಗೇ ತೆಂಗಿನ ಹಗ್ಗದಲ್ಲಿ ಬಿಗಿದಿದ್ದರು!

"ಇದನ್ನ ಇಳಿಸ್ಬೇಕು," ಎಂದರು ಭಾವ.

ಅಧ್ಯಕ್ಷರ ಹೆಂಡತಿ ಹೌಹಾರಿದರು. "ಅಯ್ಯಯ್ಯೋ! ಅಮಾವಾಸ್ಯೆ ದಿನ ಪೂಜೆ ಮಾಡ್ಸಿ ಕಟ್ಟಿರೋದು ಕಣ್ರೀ. ಮುಂದಿನ ಅಮಾವಾಸ್ಯೆವರೆಗೂ ಮುಟ್ಟೋ ಹಾಗಿಲ್ಲ!"

ಭಾವ ನೋಟಿಸು ಬರೆದು ಹಗ್ಗಕ್ಕೇ ಸಿಕ್ಕಿಸಿದರು: "ಅನಿಲ ಕೊಳವೆಗೆ ಭಾರ ಕಟ್ಟುವುದು ನಿಷಿದ್ಧ." ಬೂದುಗುಂಬಳಕ್ಕೆ ನೋಟಿಸು! ಇಡೀ ರಸ್ತೆ ಬಂದು ಫೋಟೋ ತೆಗೆದುಕೊಂಡು ಹೋಯಿತು. ಅಧ್ಯಕ್ಷರ ಮುಖ ಕೆಂಪಾಯಿತು. ಮಾಪಕವೇ ಕೆಟ್ಟಿದೆ, ಈ ಮನುಷ್ಯ ಬೇಕೆಂದೇ ಸತಾಯಿಸುತ್ತಿದ್ದಾನೆ, ನಮ್ಮ ಪೂಜೆಗೆ ಅವಮಾನ ಮಾಡಿದ್ದಾನೆ ಎಂದು ದೂರು ಕೊಟ್ಟರು. ಮೇಲಧಿಕಾರಿಯಿಂದ ಫೋನ್ ಬಂತು: ಶುಕ್ರವಾರ ನಾನೇ ಬರುತ್ತೇನೆ, ಸೋರಿಕೆ ಸಿಕ್ಕದಿದ್ದರೆ ನಿಮಗೆ ಇನ್ನು ಫೀಲ್ಡ್ ಕೆಲಸವಿಲ್ಲ, ಆಫೀಸಿನಲ್ಲಿ ಕೂತು ಫೈಲು ಜೋಡಿಸಿ.

ಭಾವನಿಗೆ ಫೈಲು! ಅಕ್ಕ ನನಗೆ ಫೋನ್ ಮಾಡಿ ಅತ್ತಳು. "ಮೂರು ಹೊತ್ತೂ ಆ ಬಾಟಲಿ ಹಿಡ್ಕೊಂಡು ಓಡಾಡೋ ಮನುಷ್ಯ ಕಣೇ. ಕುರ್ಚಿಗೆ ಕಟ್ಟಿಹಾಕಿದ್ರೆ ಒಣಗಿ ಹೋಗ್ತಾರೆ."  ಅದನ್ನು ಕೇಳಿ ನಾನು ಭಾವನಿಗೆ ಬುದ್ಧಿ ಹೇಳಲು ಹೋದೆ.

"ಸಹಿ ಹಾಕ್ಬಿಡಿ ಭಾವ. ಎಲ್ರೂ ಹಾಕಿ ಅಂತಿದ್ದಾರಲ್ಲ."

"ಮುಳ್ಳು ಹಾಕು ಅಂತಿಲ್ವಲ್ಲಮ್ಮ," ಎಂದರು.

ಭಾವ ಕುಂಬಳಕ್ಕೆ ಪೂಜೆ ಮಾಡಿದ್ದ ಪುರೋಹಿತರನ್ನೇ ಹುಡುಕಿಕೊಂಡು ಹೋದರು. ಅದಕ್ಕಿಂತ ದೊಡ್ಡ ಕಾಯಿಯನ್ನು ಬೇರೆ ಜಾಗದಲ್ಲಿ ಕಟ್ಟಿದ ಮೇಲೆ ಹಳೆಯದನ್ನು ಇಳಿಸಬಹುದು, ದೋಷವಿಲ್ಲ ಎಂದರು ಪುರೋಹಿತರು. ಸರಿ, ಗುರುವಾರ ಬೆಳಿಗ್ಗೆ ರಸೆಲ್ ಮಾರುಕಟ್ಟೆಯಲ್ಲಿ ಬೂದುಗುಂಬಳದ ತಪಾಸಣೆ! ತಟ್ಟಿದರು, ತಿರುಗಿಸಿದರು, ತೊಟ್ಟು ಪರೀಕ್ಷಿಸಿದರು, ಕಿವಿಗೆ ಹಿಡಿದು ಕೇಳಿದರು. ಅಂಗಡಿಯಾಕೆ ತಲೆ ಚಚ್ಚಿಕೊಂಡಳು. "ಅಣ್ಣಾ, ಇದು ಪೂಸಣಿಕ್ಕಾಯ್ ಅಣ್ಣಾ, ಸಿಲಿಂಡರ್ ಅಲ್ಲ!" ಹನ್ನೊಂದನೆಯ ಕಾಯಿ ಪಾಸಾಯಿತು. ಅದನ್ನು ತೂಗುಹಾಕಲು ಕಬ್ಬಿಣದ ಸ್ಟ್ಯಾಂಡನ್ನೂ ವೆಲ್ಡಿಂಗ್ ಮಾಡಿಸಿ ತಂದರು.

ಶುಕ್ರವಾರ ಗೇಟಿನ ಮುಂದೆ ಜಾತ್ರೆ. ಅಕ್ಕನೂ ಬಂದಿದ್ದಾಳೆ. ಮೇಲಧಿಕಾರಿ ಕೈಕಟ್ಟಿ ನಿಂತಿದ್ದಾರೆ, ಅಧ್ಯಕ್ಷರು ಮೀಸೆಯಲ್ಲೇ ನಗುತ್ತಿದ್ದಾರೆ. ಪುರೋಹಿತರು ಕರ್ಪೂರ ಹಚ್ಚಲು ಹೋದರೆ ಭಾವ ಹಾರಿ ಅಡ್ಡ ನಿಂತರು. "ಬೆಂಕಿ ಇಲ್ಲಿ ಬೇಡ ಸ್ವಾಮಿ, ರಸ್ತೆಯ ಆ ಕಡೆ!" ಪೈಪಿನಲ್ಲಿ ಇನ್ನೂ ಬರೀ ಗಾಳಿಯೇ ಇದ್ದದ್ದು, ಆದರೂ ನಿಯಮ ನಿಯಮವೇ. ಎದುರು ಫುಟ್‌ಪಾತಿನಲ್ಲಿ ನಿಂತು, ಆಟೋಗಳ ಸಂದಿಯಲ್ಲಿ ಪುರೋಹಿತರು ಸ್ಟ್ಯಾಂಡಿನಲ್ಲಿ ತೂಗುತ್ತಿದ್ದ ನಮ್ಮ ಹೊಸ ಕುಂಬಳಕ್ಕೆ ಮಂಗಳಾರತಿ ಎತ್ತಿದರು!

ಹಳೆಯ ಕಾಯಿ ಇಳಿಯಿತು. ಭಾವ ಬಗ್ಗಿದರು.  ಚುಸ್, ಚುಸ್. ಏನೂ ಇಲ್ಲ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಆಗ ಮೂಲೆಯ ಅಡಿಯಿಂದ ಸಾಸಿವೆಯಷ್ಟು ಒಂದು ಗುಳ್ಳೆ ಎದ್ದಿತು. ಕಡಲೆಯಷ್ಟಾಯಿತು. ನಿಂಬೆಯಷ್ಟಾಗಿ ಟಪ್ಪೆಂದು ಒಡೆಯಿತು. ಹಿಂದೆಯೇ ಇನ್ನೊಂದು, ಮತ್ತೊಂದು!

"ಬಂತು!" ಎಂದು ಕಿರುಚಿದವಳು ನಾನೇ. ಅಕ್ಕ ಭಾವನ ಹೆಲ್ಮೆಟ್ ಕಿತ್ತು ಮೇಲಕ್ಕೆಸೆದಳು. ಮಕ್ಕಳು ಶಿಳ್ಳೆ ಹೊಡೆದರು. ಕಾಯಿಯ ಭಾರಕ್ಕೆ ಜಗ್ಗಿ ಜಗ್ಗಿ ಜೋಡಣೆ ಸಡಿಲವಾಗಿತ್ತು. ಮೇಲಧಿಕಾರಿ ಭಾವನ ಸೋಪಾದ ಕೈಯನ್ನೇ ಹಿಡಿದು ಕುಲುಕಿದರು. "ಫೀಲ್ಡ್ ಬಿಟ್ಟು ನೀವು ಎಲ್ಲಿಗೂ ಹೋಗೋ ಹಾಗಿಲ್ಲ ಕಣ್ರೀ!" ನಾನಂತೂ ಎವರೆಸ್ಟ್ ಹತ್ತಿದವಳಂತೆ ಎದೆಯುಬ್ಬಿಸಿ ಅಧ್ಯಕ್ಷರ ಮುಂದೆಯೇ ಎರಡು ಸಲ ಓಡಾಡಿದೆ.

ಮಧ್ಯಾಹ್ನದೊಳಗೆ ಜೋಡಣೆ ಬದಲಾಯಿತು, ಮುಳ್ಳು ಕಲ್ಲಿನಂತೆ ನಿಂತಿತು, ಭಾವ ಸಹಿ ಹಾಕಿದರು. ಸಂಜೆ ಗ್ಯಾಸ್ ಬಂತು. ನಮ್ಮ ಅಡುಗೆಮನೆಯಲ್ಲಿ ಭಾವ ಸ್ಟೂಲು ಹತ್ತಿ ಗೋಡೆಗೆ ಪುಟ್ಟ ಪೆಟ್ಟಿಗೆಯೊಂದನ್ನು ಜೋಡಿಸುತ್ತಿದ್ದರು. ಗ್ಯಾಸ್ ಸೋರಿದರೆ ಕಿರುಚಿಕೊಳ್ಳುವ ಯಂತ್ರ.

"ಇದ್ಯಾಕೆ ಭಾವ?" ಎಂದು ರೇಗಿಸಿದೆ. "ಸೋರಿದ್ರೆ ತಿಳೀಲಿ ಅಂತಲೇ ಗ್ಯಾಸಿಗೆ ವಾಸನೆ ಬೆರೆಸಿರ್ತಾರಲ್ಲ. ನಮಗೇನು ಮೂಗಿಲ್ವಾ?"

ಭಾವ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದರು. ಅಮ್ಮ ತಲೆ ತಗ್ಗಿಸಿದಳು.

"ನಂಗಿಲ್ಲ ಕಣೇ," ಎಂದಳು. "ಆ ದೊಡ್ಡ ಜ್ವರ ಬಂತಲ್ಲ, ಆವತ್ತಿಂದ ಯಾವ ವಾಸನೆನೂ ತಿಳಿಯಲ್ಲ. ಹೇಳಿದ್ರೆ ಒಲೆ ಹತ್ರ ಬಿಡಲ್ಲ ಅಂತ ಸುಮ್ನಿದ್ದೆ. ಒಂದ್ಸಲ ಪಕ್ಕದಲ್ಲೇ ಹಾಲು ಸೀದ್ರೂ ಗೊತ್ತಾಗ್ದೆ ಕೂತಿದ್ದೆ, ಅಳಿಯಂದ್ರೇ ಬಂದು ಒಲೆ ಆರಿಸಿದ್ರು. ಯಾರಿಗೂ ಹೇಳ್ಬೇಡಿ ಅಂತ ಕೇಳ್ಕೊಂಡಿದ್ದೆ."

 ದಿನವೂ ಅದೇ ಅಡುಗೆಮನೆಯಲ್ಲಿ ಅಮ್ಮನ ಕೈಯಡುಗೆ ತಿನ್ನುವವಳು ನಾನು. ನನಗೆ ತಿಳಿದಿರಲಿಲ್ಲ. ನಾಚಿಕೆಯಾಯಿತು, ಅಳು ಬಂತು.

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊಸ ಒಲೆ ಹಚ್ಚಿದಳು. ನೀಲಿ ಉರಿ ಎದ್ದಿತು. ಹಾಲಿಗೆ ಡಿಕಾಕ್ಷನ್ ಸುರಿದು, ಲೋಟವನ್ನು ಭಾವನ ಕೈಗಿಟ್ಟು, ತೀರ ರೂಢಿಯೆಂಬಂತೆ ಮೆಲ್ಲಗೆ ಕೇಳಿದಳು:

"ಘಮ ಬಂತಾ ಅಳಿಯಂದ್ರೇ?"

ಭಾವ ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದುಕೊಂಡರು.

"ಬಂತು ಅತ್ತೆ," ಎಂದರು. "ತುಂಬ ಚೆನ್ನಾಗಿ ಬಂತು."