ಹೊಗೆಯ ವಿಳಾಸ ಕೇಳುವ ನಮ್ಮ ಭಾವ

ನಮ್ಮ ಭಾವನವರಿಗೆ ಹೊಗೆ ಕಂಡರೆ ಆಗುವುದಿಲ್ಲ ಎಂದು ನೀವು ಯಾರಾದರೂ ಕೇಳಿದ್ದರೆ, ತಪ್ಪು ಕೇಳಿದ್ದೀರಿ. ಹೊಗೆ ಕಾಣದಿದ್ದರೆ ಅವರಿಗೆ ಆಗುವುದಿಲ್ಲ! ಕಣ್ಣಿಗೆ ಬಿದ್ದ ಹೊಗೆಯನ್ನು ಅವರು ಸುಮ್ಮನೆ ಬಿಟ್ಟಾರು. ಕಾಣದ ಹೊಗೆಯನ್ನು ಮಾತ್ರ, ಅದು ಯಾವ ಊರಿಗೆ ಹೋಯಿತು, ಯಾರ ಮನೆಯ ಮೇಲೆ ಇಳಿಯಿತು ಎಂದು ವಿಚಾರಿಸುವ ತನಕ ಬಿಡುವವರಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಉತ್ತರ ಕರ್ನಾಟಕದವರು, ಎಂಜಿನಿಯರು. ನಾವು ದುಬೈಯ ದೇರಾದಲ್ಲಿ ಒಂದೇ ಹಳೆಯ ಕಟ್ಟಡದಲ್ಲಿದ್ದ ಕಾಲವದು. ಅವರು ಮೂರನೇ ಮಹಡಿ, ನಾವು ಐದನೇ ಮಹಡಿ. ಹೊರದೇಶದ ಯಾವುದಾದರೂ ಪ್ರಾಂತ್ಯ ತನ್ನ ವಿದ್ಯುತ್ ಸ್ಥಾವರಗಳು ಇಷ್ಟೇ ಇಂಗಾಲ ಉಗುಳಬೇಕು ಎಂದು ಮಿತಿ ಹಾಕಿಕೊಂಡರೆ, ಆ ಮಿತಿಯಿಂದ ಏನಾಯಿತು ಎಂದು ವರದಿ ಬರೆದುಕೊಡುವ ಕಂಪನಿಯೊಂದರಲ್ಲಿ ಅವರಿಗೆ ಕೆಲಸ. ಮರಳುಗಾಡಿನ ನಡುವೆ ಕೂತು ಎಲ್ಲಿಯದೋ ಹೊಗೆ ಅಳೆಯುವುದೂ ಒಂದು ನೌಕರಿಯೇ ಎಂದು ನೀವು ಕೇಳಬಹುದು. ನಮ್ಮ ಅಪ್ಪನೂ ಹೆಣ್ಣು ಕೊಡುವಾಗ ಅದನ್ನೇ ಕೇಳಿದ್ದರು!

ಒಮ್ಮೆ ಪರಿಚಯದವರೊಬ್ಬರು ವಿದ್ಯುತ್ ಕಾರು ಕೊಂಡರು. ಡಿಸ್ಕವರಿ ಗಾರ್ಡನ್ಸ್‌ನಲ್ಲಿದ್ದ ಅವರ ಮನೆಗೆ ನಮ್ಮನ್ನೆಲ್ಲ ಊಟಕ್ಕೆ ಕರೆದು, ಕೆಳಗೆ ಕರೆದೊಯ್ದು ಕಾರು ತೋರಿಸಿದರು. ಎಲ್ಲರೂ ಬಣ್ಣ ಹೊಗಳುತ್ತಿದ್ದರೆ ನಮ್ಮ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ನೆಲದ ಮೇಲೆ ಮಲಗಿ ಕಾರಿನ ಹೊಟ್ಟೆಯ ಕೆಳಗೆ ಇಣುಕಿದರು.

"ಏನು ಹುಡುಕ್ತಿದ್ದೀರಿ?" ಎಂದರು ಮನೆಯ ಯಜಮಾನರು.

"ಹೊಗಿ ಎಲ್ಲಿ ಹೋತು ಅಂತ ನೋಡ್ಲಿಕ್ಕತ್ತೀನ್ರಿ."

"ಇದಕ್ಕೆ ಹೊಗೆನೇ ಇಲ್ಲ!"

"ಹಂಗನಬ್ಯಾಡ್ರಿ. ಇಲ್ಲಿ ಇಲ್ಲ. ಕರೆಂಟು ಹುಟ್ಟೋ ಕಡೆ ಅದ ಏನೋ, ವಿಚಾರಿಸೀರೇನು?"

ಯಜಮಾನರು ವಿಚಾರಿಸಿರಲಿಲ್ಲ. ಆಮೇಲೆ ನಮ್ಮನ್ನೂ ವಿಚಾರಿಸಲಿಲ್ಲ. ಆ ಮನೆಯ ಬಿರಿಯಾನಿ ನಮಗೆ ಅದೇ ಕೊನೆ.

ಊಟದ ನಡುವೆ ಪಾಠವೂ ಆಗಿತ್ತು ಅನ್ನಿ. "ನೋಡ್ರಿ, ಒಂದು ಪ್ರಾಂತ್ಯದವರು ಹೊಗಿಗೆ ಇಷ್ಟೇ ಅಂತ ಗೆರಿ ಹಾಕ್ಕೊಂಡು ತಮ್ಮ ಕಲ್ಲಿದ್ದಲ ಸ್ಥಾವರ ಬಂದ್ ಮಾಡಿದ್ರು. ಮನ್ಯಾಗಿನ ಲೈಟು ಆರಿದ್ವೇನು? ಇಲ್ಲ! ಬಾಜೂ ಪ್ರಾಂತ್ಯದಿಂದ ತಂತಿ ಮ್ಯಾಲೆ ಕರೆಂಟು ತರಿಸಿದ್ರು. ಅಲ್ಲಿ ಗೆರಿ ಇಲ್ಲ. ಅಲ್ಲಿಯ ಸ್ಥಾವರ ಇನ್ನಷ್ಟು ಉರೀತು. ಇವರ ಕಾಗದದಾಗ ಹೊಗಿ ಕಡಿಮಿ ಆತು. ಆಕಾಶದಾಗ?" ಎಂದು ಕೋಳಿಯ ಕಾಲನ್ನು ಮೇಲೆತ್ತಿ ಕೇಳಿದ್ದರು. ಇದಕ್ಕೆ ಅವರ ಕಚೇರಿಯಲ್ಲಿ ಸೋರಿಕೆ ಎನ್ನುತ್ತಾರಂತೆ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಭಾವ ತಮ್ಮ ಮನೆಗೇ ಮಿತಿ ಹಾಕಿದರು! ಹೊರಗೆ ಬಾಗಿಲ ಹಿಡಿ ಮುಟ್ಟಿದರೆ ಕೈ ಸುಡುವ ಜುಲೈ. ದಿನಕ್ಕೆ ಇಷ್ಟೇ ಯೂನಿಟ್ಟು ಎಂದು ಫ್ರಿಜ್ಜಿನ ಮೇಲೆ ಚೀಟಿ ಅಂಟಿತು. ಎಸಿ ಸಂಜೆ ಮಾತ್ರ. ಇಸ್ತ್ರಿ ವಾರಕ್ಕೊಮ್ಮೆ. ಅಕ್ಕ ಜಗಳವಾಡುತ್ತಾಳೆ ಎಂದು ನಾವು ಕಿವಿಗೊಟ್ಟು ಕಾದೆವು. ಅವಳು ತುಟಿ ಬಿಚ್ಚಲಿಲ್ಲ. ಮರುದಿನ ಭಾವ ಕಚೇರಿಗೆ ಹೊರಟ ಕಾಲು ಗಂಟೆಗೆ ನಮ್ಮ ಮನೆಯ ಗಂಟೆ ಬಡಿಯಿತು. ಬಾಗಿಲಲ್ಲಿ ಅಕ್ಕ, ಅವಳ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಬಗಲಲ್ಲಿ ಬಟ್ಟೆಯ ಗಂಟು, ಹಿಂದೆ ನೆನೆಸಿದ ಅಕ್ಕಿ ಬೇಳೆಯ ಪಾತ್ರೆ ಹಿಡಿದ ಇಬ್ಬರು ಮಕ್ಕಳು.

"ಡ್ಯಾಡ್ ಸೆಡ್ ನೋ ಎಸಿ. ಸೋ ವಿ ಕೇಮ್ ಹಿಯರ್!" ಎಂದು ಚಿಕ್ಕವಳು ಸೋಫಾ ಹತ್ತಿದಳು.

ಹೀಗೆ ದಿನವೂ ಮೂರನೇ ಮಹಡಿ ಐದನೇ ಮಹಡಿಗೆ ಬಂತು. ರುಬ್ಬುವುದು, ಒಗೆಯುವುದು, ಇಸ್ತ್ರಿ, ಮಕ್ಕಳ ಕಾರ್ಟೂನು, ಎಲ್ಲವೂ ನಮ್ಮಲ್ಲಿ. ನನಗೇನು, ಅಕ್ಕ ಬಂದಳೆಂದರೆ ಹಬ್ಬ! ನಮ್ಮ ಎಸಿಯೋ, ಕಿಟಕಿಗೆ ಸಿಕ್ಕಿಸಿದ ಮುದಿ ಪೆಟ್ಟಿಗೆ. ಒಂದು ಕೋಣೆ ತಣ್ಣಗಾಗಿಸಲು ಅವರ ಎಸಿಯ ಎರಡರಷ್ಟು ಕರೆಂಟು ಕುಡಿದು ವಿಮಾನದಂತೆ ಗುಡುಗುತ್ತಿತ್ತು.

ತಿಂಗಳು ಕಳೆಯಿತು. ಒಂದು ದಿನ ಭಾವ ಕಚೇರಿಯಿಂದ ಬೇಗ ಬಂದವರೇ ಕೆಳಗಿನ ಮೀಟರ್ ಕೋಣೆಗೆ ಹೋಗಿ ನೋಡಿದರು. ಬಳಕೆ ಅರ್ಧಕ್ಕಿಳಿದಿದೆ! ಆನಂದ ತಾಳಲಾರದೆ ಕಟ್ಟಡದ ಕಾವಲುಗಾರನಿಗೆ ಖರ್ಜೂರ ಕೊಟ್ಟರು. ಅಷ್ಟರಲ್ಲಿ ನನ್ನ ಗಂಡನೂ ಅಲ್ಲಿಗೆ ಬಂದರು. ಇವರು ಉಡುಪಿಯವರು, ಯಾವುದಕ್ಕೂ ಸುಲಭವಾಗಿ ಗಾಬರಿಯಾಗುವವರಲ್ಲ. ಆದರೆ ನಮ್ಮ ಮೀಟರನ್ನು ನೋಡಿ ಗಾಬರಿಯಾದರು.

"ಎಂಥದು ಭಾವ ಇದು? ನಮ್ಮದು ಹುಚ್ಚು ಹಿಡಿದ ಹಾಗೆ ಓಡ್ತದಲ್ಲ ಮಾರಾಯ್ರೆ!"

"ಮೀಟರ್ ಮಾಫಿ ಖರಾಬ್, ಸಾಬ್," ಎಂದ ಕಾವಲುಗಾರ, ಮೀಟರ್ ಏನೂ ಕೆಟ್ಟಿಲ್ಲ ಎಂದು. ಆಮೇಲೆ ಖರ್ಜೂರ ಚೀಪುತ್ತ ಹಿಂದಿಯಲ್ಲಿ ಒಂದು ಮಾತು ಸೇರಿಸಿದ: "ಮೂರನೇ ಮಹಡಿಯ ಮೇಡಮ್ ದಿನಾ ಐದನೇ ಮಹಡಿಯಲ್ಲೇ ಇರ್ತಾರಲ್ಲ!"

ಭಾವ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದರು. ಒಳಗೆ ನಮ್ಮ ಎಸಿ ಗುಡುಗುತ್ತಿದೆ, ಮಿಕ್ಸಿ ಕಿರುಚುತ್ತಿದೆ, ಅಕ್ಕ ನೈಟಿಯಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಅವರದೇ ಪ್ಯಾಂಟನ್ನು ಇಸ್ತ್ರಿ ಮಾಡುತ್ತಿದ್ದಾಳೆ. ಬಾಗಿಲಲ್ಲಿ ಗಂಡನನ್ನು ಕಂಡು ಬಾಯಿ ತೆರೆದವಳು ಮುಚ್ಚುವುದನ್ನು ಮರೆತಳು. ಈಗ ಸಿಡಿಯುತ್ತಾರೆ, ಈಗ ಸಿಡಿಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಸೋರಿಕೆ!" ಎಂದು ಭಾವ ಕುಣಿದೇ ಬಿಟ್ಟರು. "ಹಾಂ! ಇದನ್ನ ನಾ ಬಡ್ಕೊಳ್ಳೋದು! ಎರಡೂ ಮನಿ ಕೂಡಿಸಿದ್ರ ಮೊದಲಿಗಿಂತ ಹೆಚ್ಚಾಗೇದ! ಅಲ್ಲಾಡಬ್ಯಾಡ, ಹಂಗs ನಿಂದ್ರು!" ಎಂದವರೇ ಫೋಟೋ ಹೊಡೆದರು.

ಆ ಫೋಟೋ ಎಲ್ಲಿಗೆ ಹೋಯಿತು ಗೊತ್ತೇ? ಅಬುಧಾಬಿಗೆ! ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡವೊಂದರಲ್ಲಿ ಅವರ ವರದಿಯ ಮಂಡನೆಯಿತ್ತು. ಭಾವ ಕಾರು ಓಡಿಸುವುದಿಲ್ಲವಾದ್ದರಿಂದ ನನ್ನ ಗಂಡ ಕರೆದೊಯ್ದು ಹಿಂದಿನ ಸಾಲಿನಲ್ಲಿ ಕೂತಿದ್ದರು. ವರದಿ ಕೇಳಿದ್ದ ಪ್ರಾಂತ್ಯದ ಪ್ರತಿನಿಧಿಗಳು ಸೂಟು ಹಾಕಿಕೊಂಡು ಕಾಯುತ್ತಿದ್ದಾಗ ಪರದೆಯ ಮೇಲೆ ಆಳೆತ್ತರಕ್ಕೆ ಮೂಡಿದ್ದು ಟವೆಲು ಸುತ್ತಿದ ಅಕ್ಕ! ಪಕ್ಕದಲ್ಲಿ ಎರಡು ಮೀಟರುಗಳ ಚಿತ್ರ. ಸಭೆ ನಕ್ಕಿತು. ಭಾವ ಮಾತ್ರ ನಗದೆ, ಹೊಗೆ ಕಡಿಮೆಯಾದದ್ದರಲ್ಲಿ ಬಹುಪಾಲು ಗಡಿಯಾಚೆಗೆ ಹೋಗಿದೆ ಎಂದು ತೋರಿಸಿಕೊಟ್ಟರು.

"ಹಾಗಾದರೆ ಮಿತಿಯನ್ನೇ ತೆಗೆದುಹಾಕಬೇಕೆ?" ಎಂದು ಒಬ್ಬರು ಕೇಳಿದರಂತೆ.

"ತೆಗೆಯಬಾರದು. ನಾನೂ ಮನೆಯಲ್ಲಿ ತೆಗೆದಿಲ್ಲ. ಗೆರೆಯನ್ನು ಎರಡೂ ಮನೆ ಸುತ್ತಿ ಎಳೆದಿದ್ದೇನೆ. ನೀವೂ ಕೊಳ್ಳುವ ಕರೆಂಟಿನ ಹೊಗೆಯನ್ನು ನಿಮ್ಮ ಹೆಸರಿಗೇ ಬರೆದುಕೊಳ್ಳಿ," ಎಂದರಂತೆ ಭಾವ.

ನಿಜ, ನಮ್ಮ ಫ್ರಿಜ್ಜಿಗೂ ಆಗಲೇ ಚೀಟಿ ಅಂಟಿತ್ತು! ಮುದಿ ಎಸಿಯನ್ನು ಭಾವ ತಾವೇ ನಿಂತು ಬದಲಾಯಿಸಿದ್ದರು. ಫೋಟೋ ಸುದ್ದಿ ತಿಳಿದ ಅಕ್ಕ ಮಾತ್ರ ನಾಲ್ಕು ದಿನ ಅವರೊಡನೆ ಮಾತು ಬಿಟ್ಟಿದ್ದಳು.

ವರದಿಗೆ ದುಡ್ಡು ಕೊಡುವ ಪ್ರಾಂತ್ಯಕ್ಕೆ ಸೋರಿಕೆಯ ಲೆಕ್ಕ ಹಿಡಿಸಲಿಲ್ಲ, ಹಾಗಾಗಿ ಕಂಪನಿಗೂ ಇದು ನಗುವ ವಿಷಯವಾಗಿರಲಿಲ್ಲ. ಗಡಿಯಾಚೆಯ ಪುಟಗಳನ್ನು ತೆಗೆದು ವರದಿಗೆ ಸಹಿ ಹಾಕಿ ಎಂದರು ಮೇಲಿನವರು. ಭಾವ ಹಾಕಲಿಲ್ಲ. ಮತ್ತೆ ಕರೆದು ಹೇಳಿದರು. ಆಗಲೂ ಹಾಕಲಿಲ್ಲ. ಮೂರನೆಯ ಸಲ ಕರೆದದ್ದು ಕೆಲಸದಿಂದ ತೆಗೆದಿದ್ದೇವೆ ಎಂದು ಹೇಳಲು. ಇಲ್ಲಿ ನೌಕರಿ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನೆ, ಮಕ್ಕಳ ಶಾಲೆ ಎಲ್ಲವೂ ಖಲಾಸ್. ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ. "ಒಂದು ಸಹಿ ರೀ, ಹಾಕಿದ್ರ ಮುಗೀತಿತ್ತು! ಕಾಣದ ಊರಿನ ಹೊಗಿ ಸಲುವಾಗಿ ಕಂಡ ಮಕ್ಕಳನ್ನ ಬೀದಿಗೆ ನಿಲ್ಲಿಸ್ತೀರೇನು?" ಎನ್ನುತ್ತಿದ್ದಳು. ಭಾವ ಬೇರೆ ಕೆಲಸಕ್ಕೆ ಅರ್ಜಿ ಬರೆಯುತ್ತ ಕೂರುತ್ತಿದ್ದರು. ವೀಸಾದ ಗಡುವು ಮುಗಿಯಲು ಆರು ದಿನ ಇದ್ದಾಗ ಅಬುಧಾಬಿಯಲ್ಲಿ ಸಣ್ಣದೊಂದು ಕೆಲಸ ಸಿಕ್ಕಿತು. ದೊಡ್ಡ ಕಟ್ಟಡಗಳ ಎಸಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ.

ಅವರು ದೇರಾ ಬಿಡುವ ದಿನ ನಾನು ಅಕ್ಕನ ಜೊತೆ ಪಾತ್ರೆ ಕಟ್ಟಲು ಕೆಳಗೆ ಹೋಗಿದ್ದೆ. ಭಾವ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು. ತಡೆಯಲಾರದೆ ಕೇಳಿಬಿಟ್ಟೆ: "ಭಾವಾರ, ಅಷ್ಟ್ಯಾಕ ಹಟ ಮಾಡಿದ್ರಿ?"

ಅವರು ಪೆಟ್ಟಿಗೆಯನ್ನು ಕೆಳಗಿಟ್ಟರು. ಕೋಳಿಯ ಕಾಲು ಎತ್ತಿ ಪಾಠ ಹೇಳುವ ದನಿ ಅದಾಗಿರಲಿಲ್ಲ.

"ನಮ್ಮೂರ ಹತ್ರ ಒಂದು ಸ್ಥಾವರ ಇತ್ತವಾ. ಕರೆಂಟು ದೂರದ ಊರಿಗೆ ಹೋಗ್ತಿತ್ತು, ಬೂದಿ ನಮ್ಮ ಮನಿಗೆ ಬರ್ತಿತ್ತು. ಅವ್ವ ದಿನಾ ಮುಂಜಾನೆ ನಮ್ಮ ಹಾಸಿಗಿ ಝಾಡಿಸ್ತಿದ್ಲು, ಕೆಮ್ಮತಿದ್ಲು. ಕೆಮ್ಮಿ ಕೆಮ್ಮೇ ಹೋದ್ಲು. ಆಕಿ ಯಾರ ಕಾಗದದಾಗೂ ಇರಲಿಲ್ಲ. ನಾ ಸಹಿ ಹಾಕಿದ್ರ, ಗಡಿ ಆಚಿ ಇರೋ ಇನ್ನೊಬ್ಬಾಕಿನ್ನೂ ಇಲ್ಲ ಅಂದ್ಹಂಗ ಆಗ್ತಿತ್ತು."

ಅಕ್ಕನ ಅತ್ತೆ ಕೆಮ್ಮಿನಿಂದ ತೀರಿಕೊಂಡದ್ದು ನಮಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು.

ಅಕ್ಕ ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟು ಎದ್ದಳು. ಅವರ ಹತ್ತಿರ ಹೋಗಿ, ನಾನಿದ್ದೇನೆಂಬುದನ್ನೂ ಲೆಕ್ಕಿಸದೆ, ದುಪಟ್ಟಾದ ಅಂಚಿನಿಂದ ಅವರ ಹಣೆ, ಹುಬ್ಬು, ಕೆನ್ನೆಯ ಮೇಲಿದ್ದ ಧೂಳನ್ನು ನಿಧಾನವಾಗಿ ಒರೆಸಿದಳು. ಭಾವ ಕಣ್ಣು ಮುಚ್ಚಿ, ಸಣ್ಣ ಮಗುವಿನ ಹಾಗೆ ಮುಖ ಒಡ್ಡಿ ನಿಂತಿದ್ದರು.