ನನ್ನ ಬಗ್ಗೆ ವಿಚಾರಿಸ್ಲಿಕ್ಕೆ ಬಂದವರು

ಗುಟ್ಟು ಕಾಪಾಡುದರಲ್ಲಿ ನನ್ನನ್ನು ಮೀರಿಸುವವ ಬಂಟ್ವಾಳ ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ! ಲೈಬ್ರೆರಿಯ ಪತ್ತೇದಾರಿ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದವ ನಾನು, ಸಾಮಾನ್ಯನಾ? ಹಾಗಾಗಿ ನೇಮಿರಾಜ ದಣಿಗಳ ಅಕ್ಕಿ ಮಿಲ್ಲಿನ ಗುಮಾಸ್ತಿಕೆ ಬಿಟ್ಟು ಮೂಡಬಿದ್ರೆಯ ಮಿಲ್ಲಿಗೆ ಹಾರುವ ಅಂತ ಮನಸ್ಸು ಮಾಡಿದಾಗ ಒಂದು ಘೋರ ಪ್ರತಿಜ್ಞೆಯನ್ನೂ ಮಾಡಿದೆ. ಕೆಲಸ ಕೈಗೆ ಸಿಗುವವರೆಗೆ ಯಾರಿಗೂ ಹೇಳುದಿಲ್ಲ! ಇಲ್ಲಿಯ ಸಂಬಳದಲ್ಲಿ ಸಂಸಾರ ಸಾಗುದಿಲ್ಲ ನಿಜ. ಆದ್ರೆ ದಣಿಗಳಿಗೆ ಸುಳಿವು ಸಿಕ್ಕಿದ್ರೆ ಅದೂ ಇಲ್ಲ. ಹೆಂಡತಿ ತ್ರಿಶಲಾಗೆ ಹೇಳಿದ್ರೆ ಬಾವಿಕಟ್ಟೆಗೆ ಹೇಳಿದ ಹಾಗೆ. ಬಾವಿಕಟ್ಟೆಯಿಂದ ದಣಿಗಳ ಮನೆ ಎಷ್ಟು ದೂರ?

ಒಂದು ಆದಿತ್ಯವಾರ ಇಸ್ತ್ರಿ ಅಂಗಿ ಹಾಕಿ, ಮುಖಕ್ಕೆ ಪೌಡರು ಬಳಿದು ಹೊರಟೆ.

"ಎಲ್ಲಿಗೆ ಇಷ್ಟು ಚಂದ ಮಾಡ್ಕೊಂಡು?" ತ್ರಿಶಲಾ ಕೇಳಿದಳು.

"ವಾಮದಪದವಿಗೆ. ಭತ್ತ ನೋಡ್ಲಿಕ್ಕೆ."

"ಭತ್ತ ನೋಡ್ಲಿಕ್ಕೆ ಪೌಡರು ಬೇಕಾ?"

ಪತ್ತೇದಾರರು ಇಂಥ ಪ್ರಶ್ನೆಗೆಲ್ಲ ಉತ್ತರ ಕೊಡುದಿಲ್ಲ. ಬಸ್ಸು ಹತ್ತಿದೆ.

ಮೂಡಬಿದ್ರೆಯ ಸನತ್‌ಕುಮಾರ ದಣಿಗಳು ನನ್ನ ಅಕ್ಷರ ನೋಡಿ ಮೆಚ್ಚಿದ್ರು. "ಆಯ್ತು ಪುಷ್ಪರಾಜ. ನಿಮ್ಮ ಬಗ್ಗೆ ಸ್ವಲ್ಪ ವಿಚಾರಿಸಿ ಹೇಳ್ತೇನೆ."

ಕೂತವ ಎದ್ದೇ ಬಿಟ್ಟೆ! "ದಣಿಗಳೇ, ನಮ್ಮ ಮಿಲ್ಲಲ್ಲಿ ಮಾತ್ರ ಕೇಳ್ಬೇಡಿ! ವಿಷಯ ಎಂತದು ಅಂತ ಎಲ್ಲಿಯೂ ಬಾಯಿ ಬಿಡ್ಬೇಡಿ!"

"ಹೆದ್ರಬೇಡಿ ಮಾರಾಯ್ರೆ. ನಮ್ಮ ರುಕ್ಮಯ್ಯನನ್ನು ಕಳಿಸ್ತೇನೆ. ಪ್ರಾಣ ಹೋದ್ರೂ ಅವ ಹೇಳ್ಲಿಕ್ಕಿಲ್ಲ."

ಪುಣ್ಯಾತ್ಮ ನಿಜಕ್ಕೂ ಹೇಳ್ಲಿಲ್ಲ! ಅದೇ ಅನಾಹುತ ಆದದ್ದು.

ನಮ್ಮ ಕಡೆ ಗುರ್ತ ಇಲ್ಲದವ ಒಬ್ಬ ಕೊಡೆ ಹಿಡ್ಕೊಂಡು ಬಂದು, "ಇಂಥವರು ಜನ ಹೇಗೆ? ಕುಡಿತ ಉಂಟಾ? ಇಸ್ಪೀಟು, ಕೋಳಿಅಂಕದ ಜೂಜು ಉಂಟಾ?" ಅಂತ ಮೆಲ್ಲ ಕೇಳಿ, "ಎಂತಕ್ಕೆ?" ಅಂದ್ರೆ ಬರೀ ನಗಾಡಿದ್ರೆ ಅದಕ್ಕೆ ಅರ್ಥ ಒಂದೇ. ಹೆಣ್ಣಿನ ಕಡೆಯವರು! ರುಕ್ಮಯ್ಯ ಮೊದಲು ಕೇಳಿದ್ದು ವೆಂಕಪ್ಪನ ಹೋಟ್ಲಲ್ಲಿ. ಅಲ್ಲಿಂದ ಸೀದಾ ನಮ್ಮ ಮನೆ ಜಗಲಿಗೆ. ನಾನು ಆಗ ಮಿಲ್ಲಲ್ಲಿದ್ದೆ.

"ನಾನು ಮೂಡಬಿದ್ರೆಯವ. ನೀವು ಪುಷ್ಪರಾಜರ ಮನೆಯವರಾ ಅಮ್ಮ?"

ತ್ರಿಶಲಾಗೆ ತಟ್ಟನೆ ಪೌಡರು ನೆನಪಾಯ್ತಂತೆ. "ಅಲ್ಲಪ್ಪ, ನಾನು ಪಕ್ಕದ ಮನೆಯವಳು. ಇಲ್ಲಿ ಮೆಣಸು ಒಣಗಿಸ್ಲಿಕ್ಕೆ ಬಂದದ್ದು. ಎಂತ ವಿಷಯ?"

"ವಿಷಯ ಹೇಳುವ ಹಾಗಿಲ್ಲ. ಅವರು ಜನ ಹೇಗೆ?"

"ಬಿಸಿಲು ಏರಿದ ಮೇಲೆ ಏಳುವ ಜನ. ಕೂಡಿಸ್ಲಿಕ್ಕೆ ಕೊಟ್ರೆ ಕಳೀತಾರೆ. ಪೇಟೆಯಲ್ಲಿ ಕೊಡೆ ಬಿಟ್ಟು ಬರ್ತಾರೆ, ಕೊಡೆ ತರ್ಲಿಕ್ಕೆ ಹೋದ್ರೆ ಚಪ್ಪಲಿ ಬಿಟ್ಟು ಬರ್ತಾರೆ! ರಾತ್ರಿಯಿಡೀ ಕೊಲೆ ಪುಸ್ತಕ ಓದುದು!"

"ನಂಬಬಹುದಾ ಅಮ್ಮ?"

"ನಂಬಿದವಳು ಒಬ್ಬಳು ಒಳಗೆ ಇದ್ದಾಳೆ. ಅವಳ ಪಾಡು ಯಾರಿಗೂ ಬೇಡ!"

ಸಂಜೆ ಮನೆಗೆ ಬಂದ್ರೆ ಬಾಗಿಲಲ್ಲಿ ಅವಳ ಟ್ರಂಕು.

"ಮೂಡಬಿದ್ರೆಯವಳು ಬೆಳ್ಳಗಿದ್ದಾಳಾ?"

"ಯಾರು?"

"ಎರಡು ಕಟ್ಟಿಕೊಂಡ್ರೆ ಈಗ ಜೈಲು! ಕಾನೂನು ಬಂದಿದೆ, ಗೊತ್ತುಂಟಾ?"

ಟ್ರಂಕಿನ ಎದುರು ಪ್ರತಿಜ್ಞೆ ಎಷ್ಟು ಹೊತ್ತು ನಿಲ್ತದೆ? ಎಲ್ಲ ಹೇಳಿಬಿಟ್ಟೆ. ಅವಳು ತಲೆಗೆ ಕೈ ಇಟ್ಟಳು.

"ಅಯ್ಯೋ, ಕೆಲಸಕ್ಕಾ? ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು? ಬಂಗಾರದಂಥ ಮನುಷ್ಯ ಅಂತ ಹೇಳ್ತಿದ್ದೆ!"

"ಅಷ್ಟು ದೊಡ್ಡ ಸುಳ್ಳು ಹೇಳ್ತಿದ್ಯಾ?"

"ಕೆಲಸಕ್ಕಾದ್ರೆ ಹೇಳ್ಬಹುದು!"

ಮೂಡಬಿದ್ರೆಯ ಬಾಗಿಲು ಮುಚ್ಚಿತು. ಇನ್ನು ಇದ್ದ ಕೆಲಸವನ್ನಾದ್ರೂ ಉಳಿಸಿಕೊಳ್ಳುವ ಅಂತ ಮರುದಿನ ಬೇಗನೆ ಮಿಲ್ಲಿಗೆ ಹೋದೆ. ದಣಿಗಳು ಒಳಗೆ ಕರೆದ್ರು.

"ವೆಂಕಪ್ಪ ಹೇಳಿದ. ನಿನ್ನನ್ನು ವಿಚಾರಿಸ್ಲಿಕ್ಕೆ ಮೂಡಬಿದ್ರೆಯಿಂದ ಜನ ಬಂದಿತ್ತಂತೆ. ಇನ್ನೊಂದು ಮದುವೆಯಾ?"

"ಅಯ್ಯೋ, ಮದುವೆಗಲ್ಲ ದಣಿಗಳೇ!"

"ಮತ್ತೆ ಎಂತಕ್ಕೆ?"

ಎಂತಕ್ಕೆ! ನಿಜ ಹೇಳಿದ್ರೆ ಕೆಲಸ ಹೋಗ್ತದೆ, ಹೇಳದಿದ್ರೆ ಮಾನ ಹೋಗ್ತದೆ. ಮಾನಕ್ಕೆ ಸಂಬಳ ಇಲ್ಲ.

"ಮದುವೆಗೇ ದಣಿಗಳೇ" ಅಂದೆ. "ತಪ್ಪಾಯ್ತು. ಆ ಯೋಚನೆ ಬಿಟ್ಟುಬಿಟ್ಟೆ."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಮಾರಾಯ್ರೆ, ಅವರು ಬೈಯ್ಲೇ ಇಲ್ಲ! ದೊಡ್ಡ ಭಾರ ಇಳಿದವರ ಹಾಗೆ ಉಸಿರು ಬಿಟ್ರು.

"ನಾನು ಕೊಡುವ ಸಂಬಳ ನಿನ್ನ ಸಂಸಾರಕ್ಕೆ ಸಾಕಾಗುದಿಲ್ಲವೋ ಏನೋ ಅಂತ ನಂಗೆ ಬೇಜಾರಿತ್ತು ಪುಷ್ಪರಾಜ. ಈ ತಿಂಗಳಿಂದ ಸ್ವಲ್ಪ ಏರಿಸುವ ಅಂತಲೂ ಇದ್ದೆ. ಈಗ ನಿಶ್ಚಿಂತೆ ಆಯ್ತು. ಎರಡು ಸಂಸಾರಕ್ಕೆ ಸಾಕಾಗುವಷ್ಟು ಉಂಟಲ್ಲ!"